ಕೈ ತೋರಿಸಿದರೆ ನಿಲ್ಲುವ ಬಸ್ಸು, ಕತ್ತಲಾದರೂ ಬರುವ ಬಸ್ಸು

ಮಂಗಳೂರು-ಉಡುಪಿ ರಸ್ತೆಯ ಯಾವುದೇ ಸ್ಟಾಪಿನಲ್ಲಿ ಬೆಳಿಗ್ಗೆ ನಿಂತು ನೋಡಿ. ಅಜ್ಜಿಯೊಬ್ಬಳು ಕೈ ಎತ್ತಿದರೆ ಸಾಕು, ಖಾಸಗಿ ಬಸ್ಸು ನಿಂತಿತು. ಅಂಗಡಿಯವನ ಮೂಟೆಯೂ ಏರಿತು. 'ರೈಟ್ ಪೋಯಿ!' ಹಿಂದೆಯೇ ಬಂದ ಸರಕಾರಿ ಬಸ್ಸು ನಿಲ್ಲದೆ ಹೋಯಿತು. "ಅವರಿಗೇನು ಮಾರಾಯ್ರೆ, ತಿಂಗಳಾದ್ರೆ ಸಂಬಳ ಉಂಟು" ಎಂದು ಜನ ಗೊಣಗುತ್ತಾರೆ.

ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಖಾಸಗಿ ಬಸ್ಸಿನ ಅನೇಕ ಕಂಡಕ್ಟರುಗಳಿಗೆ ಕಲೆಕ್ಷನ್ ನೋಡಿ ಕೂಲಿ. ರಾತ್ರಿ ಧಣಿಗೆ ಹಣ ಎಣಿಸಿ ಕೊಡಬೇಕು. ಹಾಗಾಗಿ ದಾರಿಯಲ್ಲಿ ಎತ್ತಿದ ಪ್ರತಿ ಕೈಯೂ ಕಾಸಾಗಿ ಕಾಣುತ್ತದೆ. ಸರಕಾರಿ ಕಂಡಕ್ಟರ್ ಹೆದರುವುದು ಚೆಕಿಂಗ್‌ನವರಿಗೆ. ಟಿಕೆಟ್ ಲೆಕ್ಕ ತಪ್ಪಿದರೆ ಮೆಮೊ; ಜನರನ್ನು ಬಿಟ್ಟು ಬಂದರೆ ಕೇಳುವವರು ಕಡಿಮೆ. 2023ರ ಜೂನ್ 11ರಿಂದ ಮಹಿಳೆಯರಿಗೆ ಟಿಕೆಟ್ ಉಚಿತವಾದ ಮೇಲಂತೂ 'ಹೆಂಗಸರೇ ನಿಂತಿದ್ದರೆ ಬಸ್ಸು ನಿಲ್ಲಿಸೋದಿಲ್ಲ' ಎಂಬ ದೂರು ಊರೂರಲ್ಲಿ ಕೇಳಿಬಂದಿದೆ.

ಹಾಗೆಂದು ಖಾಸಗಿಯವರಿಗೆ ಹಾರ ಹಾಕುವ ಮೊದಲು ರಾತ್ರಿ ಎಂಟೂವರೆಗೆ ಒಳಹಳ್ಳಿಯ ಬಸ್ಸಿಗಾಗಿ ಕಾಯುವವರನ್ನು ಕೇಳಿ. ಅಂಗಡಿಗೆ ಬೀಗ ಹಾಕಿ ಬಂದವರು ನಿಂತೇ ಇರುತ್ತಾರೆ. "ಜನ ಇಲ್ಲ, ಡೀಸೆಲ್ ಖರ್ಚೂ ಹುಟ್ಟೋದಿಲ್ಲ" ಎಂದು ಕೊನೆಯ ಟ್ರಿಪ್ ಕಟ್! ಹಗಲು ಅದೇ ಕಾಸಿಗಾಗಿ ಒಂದರ ಹಿಂದೊಂದು ರೇಸು. ಸರಕಾರಿ ಬಸ್ಸು ಇರುವ ದಾರಿಯಲ್ಲಾದರೆ ನಾಲ್ಕೇ ಜನರಿದ್ದರೂ ಅದು ಹೊರಡುತ್ತದೆ. ಟ್ರಿಪ್ ಓಡಿಸುವುದೇ ಅಲ್ಲಿನ ಲೆಕ್ಕ.

ಅಂದರೆ ಗುಣ ಮನುಷ್ಯನದ್ದಲ್ಲ, ಲೆಕ್ಕದ್ದು. ಘಟ್ಟದ ಮೇಲೆ ಕೊಪ್ಪದಲ್ಲಿ ಖಾಸಗಿ ಕಂಪನಿಯ ಬಸ್ ಕಾರ್ಮಿಕರೇ ಸೇರಿ 1991ರಲ್ಲಿ 'ಸಹಕಾರ ಸಾರಿಗೆ' ಕಟ್ಟಿದರು. ನೌಕರರೇ ಧಣಿಗಳಾಗಿ ಮಲೆನಾಡಿನ ಹಳ್ಳಿಹಳ್ಳಿಗೆ ಬಸ್ಸು ಓಡಿಸಿದರು. 2020ರಲ್ಲಿ ಅದು ನಿಂತಿತು, ನಿಜ. ಆದರೆ ಮೂವತ್ತು ವರ್ಷಕ್ಕೆ ಹತ್ತಿರ ನಡೆಯಿತಲ್ಲ! ಡ್ರೈವರ್ ಕಂಡಕ್ಟರುಗಳು ಅವರೇ. ಲೆಕ್ಕ ಮಾತ್ರ ಬದಲಾಗಿತ್ತು.

ಸರಕಾರಿ ಡಿಪೋದಲ್ಲಿ ಟಿಕೆಟ್ಟಿನ ಜೊತೆಗೆ, ಬಿಟ್ಟುಬಂದ ಪ್ರಯಾಣಿಕರ ಲೆಕ್ಕವನ್ನೂ ಕೇಳಲಿ. ಖಾಸಗಿಯವರಿಗೆ ಪರ್ಮಿಟ್ ಕೊಟ್ಟ ಆರ್.ಟಿ.ಓ. ಕಚೇರಿ, ರಾತ್ರಿಯ ಟ್ರಿಪ್ ಓಡಿತೇ ಎಂದು ಒಮ್ಮೆ ಸ್ಟಾಪಿಗೆ ಬಂದು ನೋಡಲಿ. ಪ್ರಯಾಣಿಕನಿಗೆ ಬಸ್ಸಿನ ಬಣ್ಣ ಯಾವುದಾದರೇನು? ಹೊತ್ತಿಗೆ ಮನೆ ಸೇರಿದರಾಯಿತು. ಸಂಬಂಧಪಟ್ಟವರು ಇತ್ತ ಕಣ್ಣು ಹಾಯಿಸುವರೇ?