ಚಿಕ್ಕ ಬೇಸ್ ಗಿಟಾರ್ ಆಟಿಕೆಯಲ್ಲ

ಊರಿನ ಆರ್ಕೆಸ್ಟ್ರಾ ಸೇರುವ ಆಸೆಯಿಂದ ಬೇಸ್ ಗಿಟಾರ್ ಕೊಳ್ಳಲು ಹೋದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 34 ಇಂಚಿನದು. ಇದು ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿ ಮಿಡಿಯುವ ಉದ್ದ. ಚಿಕ್ಕ ಕೈಯವರು, ಹೈಸ್ಕೂಲ್ ಮಕ್ಕಳು ಅದರಲ್ಲಿ ಬೆರಳು ಚಾಚಲು ಒದ್ದಾಡಿ, ‘ಇದು ನಮಗಲ್ಲ’ ಎಂದು ಕೈಬಿಡುತ್ತಾರೆ.

ಅಂಥವರು 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್ ಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಸ್ವರ ಅದೇ, ತಂತಿಯ ಬಿಗಿ ಮಾತ್ರ ಕಡಿಮೆ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ 1961ರಲ್ಲಿ ಕೊಂಡ ಹಾಫ್ನರ್ ಬೇಸ್ ಕೂಡ ಶಾರ್ಟ್ ಸ್ಕೇಲೇ.

ಕೊಳ್ಳುವ ಮುನ್ನ ಪಟ್ಟಿ ಹಾಕಿ ಹೆಗಲಿಗೆ ತೂಗಿಸಿ ನೋಡಿ. ಕೈ ಬಿಟ್ಟರೆ ತಲೆಭಾಗ ಕೆಳಗೆ ಜಾರುತ್ತಿದ್ದರೆ ಬೇರೆಯದು ನೋಡಿ. ದುಡ್ಡನ್ನೆಲ್ಲ ಗಿಟಾರಿಗೇ ಸುರಿಯದೆ, ಹೊಸ ತಂತಿಗೆ ಒಂದಿಷ್ಟು ಉಳಿಸಿಕೊಳ್ಳಿ. ಶಾರ್ಟ್ ಸ್ಕೇಲ್‌ಗೆಂದೇ ಮಾಡಿದ ತಂತಿ ಕೇಳಿ.

ಮನೆಗೆ ತಂದ ಮೇಲೆ ಮೊದಲು ಶ್ರುತಿ ಮಾಡಿ. ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ನಲ್ಲಿ ಒತ್ತಿದಾಗ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಇಲ್ಲದಿದ್ದರೆ ನೆಕ್ ಒಳಗಿನ ಟ್ರಸ್ ರಾಡ್ ತಿರುಗಿಸಬೇಕು. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಆಮೇಲೆ ಬ್ರಿಡ್ಜ್‌ನಲ್ಲಿ ತಂತಿಯ ಎತ್ತರ ಹೊಂದಿಸಿ. ಕೊನೆಗೆ, ಫೋನಿನ ಟ್ಯೂನರ್ ಆ್ಯಪ್ ಹಿಡಿದು 12ನೇ ಫ್ರೆಟ್ ಒತ್ತಿ ಮಿಡಿಯಿರಿ. ಸ್ವರ ಏರಿದ್ದರೆ ತಂತಿ ಕೂರುವ ಸ್ಯಾಡಲ್ ಅನ್ನು ಹಿಂದಕ್ಕೆ ಸರಿಸಿ, ಇಳಿದಿದ್ದರೆ ಮುಂದಕ್ಕೆ.

‘ಅದು ಮಕ್ಕಳ ಗಿಟಾರ್’ ಎಂದು ಯಾರಾದರೂ ಅಂದರೆ, ಹೀಗೆ ಹೊಂದಿಸಿದ ಬೇಸನ್ನು ಅವರ ಕೈಗೇ ಕೊಟ್ಟು ನುಡಿಸಲು ಹೇಳಿ.