ತೊಳೆಯುವವನೇ ಒಡೆಯ

ಸಂಡೂರಿಗೆ ಹೋಗಿಬಂದ ಕಾರಿನ ಮೂಲ ಬಣ್ಣ ಯಾವುದೆಂದು ಕೇಳಬಾರದು. ಅದಿರಿನ ಲಾರಿಗಳ ಹಿಂದೆ ಹೊಸಪೇಟೆಯವರೆಗೆ ಬಂದದ್ದೆಲ್ಲವೂ ಕೆಂಪೇ. ಆ ಧೂಳು, ಕಾರು ಸ್ವಂತದ್ದೋ ಗುತ್ತಿಗೆಯದೋ ಎಂದು ವಿಚಾರಿಸಿಕೊಂಡು ಕೂರುವುದಿಲ್ಲ. ಅದನ್ನು ತೊಳೆಯುವ ಕೈ ಮಾತ್ರ ವಿಚಾರಿಸುತ್ತದೆ. ಇಂದಿನ ನಮ್ಮ ಪ್ರಸ್ತಾಪ ಅದೇ.

ಹಿಂದೆ ಕಾರೆಂದರೆ ಕೊಂಡ ಕಾರು, ಇಲ್ಲವೇ ಬಾಡಿಗೆಯ ಟ್ಯಾಕ್ಸಿ. ಈಗ ಇವೆರಡರ ನಡುವೆ ಮೂರನೆಯದೊಂದು ರೂಢಿಗೆ ಬಂದಿದೆ. ಕಂಪೆನಿಯೊಂದು ಕಾರನ್ನು ಕೊಂಡು ಕೆಲವು ವರ್ಷಗಳ ಗುತ್ತಿಗೆಗೆ ಕೊಡುತ್ತದೆ. ನಾವು ತಿಂಗಳು ತಿಂಗಳು ಹಣ ತೆತ್ತು, ಅವಧಿ ಮುಗಿದಾಗ ಹಿಂದಿರುಗಿಸುತ್ತೇವೆ. ಎಷ್ಟೋ ಸಂಸ್ಥೆಗಳು ನೌಕರರಿಗೆ ಸಂಬಳದೊಡನೆಯೇ ಈ ಏರ್ಪಾಟನ್ನು ಮಾಡಿಕೊಡುವುದುಂಟು. ಕೆಲವು ಕರಾರುಗಳಲ್ಲಿ ಸರ್ವಿಸು, ವಿಮೆ ಎಲ್ಲವೂ ಕಂತಿನಲ್ಲಿಯೇ ಅಡಕ. ಇನ್ನು ಕೆಲವುಗಳಲ್ಲಿ ಕಾರು ಮಾತ್ರ ಅವರದು, ಕಾರುಬಾರೆಲ್ಲ ನಮ್ಮದು.

"ನಮ್ಮದಲ್ಲವಲ್ಲ" ಎಂಬ ಒಂದು ಮಾತಿನಿಂದಲೇ ಗುತ್ತಿಗೆಯ ಕಾರಿನ ಆಯುಷ್ಯ ಕುಗ್ಗತೊಡಗುತ್ತದೆ. ಬಾಡಿಗೆಯ ಎತ್ತಿಗೆ ಎರಡು ಏಟು ಹೆಚ್ಚು ಬೀಳುವುದು ಲೋಕದ ರೀತಿ. ಸ್ವಂತ ಕಾರಿಗೆ ಗೀರು ಬಿದ್ದ ದಿನ ಅನ್ನ ಸೇರದ ಗೃಹಸ್ಥರೇ, ಗುತ್ತಿಗೆಯ ಕಾರು ಗಡಗಡ ಎಂದರೆ ರೇಡಿಯೋದ ಸದ್ದನ್ನು ಏರಿಸಿ ಸುಮ್ಮನಾಗುತ್ತಾರೆ.

ಆದರೆ ಕಾಯಿದೆ ಏನೆನ್ನುತ್ತದೆ ಕೇಳಿ. 1988ರ ಮೋಟಾರು ವಾಹನ ಕಾಯಿದೆಯ ವ್ಯಾಖ್ಯೆಯಂತೆ, ಗುತ್ತಿಗೆಯ ಕರಾರಿಗೆ ಒಳಪಟ್ಟ ವಾಹನಕ್ಕೆ, ಆ ಕರಾರಿನ ಮೇರೆಗೆ ಅದನ್ನು ವಶದಲ್ಲಿಟ್ಟುಕೊಂಡವನೇ ಮಾಲೀಕ. 1974ರ ಭೂಸುಧಾರಣೆಯ ದಿನಗಳಲ್ಲಿ "ಉಳುವವನೇ ಹೊಲದೊಡೆಯ" ಎಂದು ನಾಡೆಲ್ಲ ಕೇಳಿದ್ದೆವು. ಕಾರಿಗೂ ಅಂಥದೇ ನ್ಯಾಯ, ವ್ಯತ್ಯಾಸವಿಷ್ಟೇ. ಅಲ್ಲಿ ಗೇಣಿದಾರನಿಗೆ ಹೊಲ ಸಿಕ್ಕಿತು, ಇಲ್ಲಿ ಸಿಕ್ಕುವುದು ಹೊಣೆ ಮಾತ್ರ.

ಆ ಹೊಣೆ ಎಷ್ಟೆಂಬುದು ಕಾರನ್ನು ಹಿಂದಿರುಗಿಸುವ ದಿನ ತಿಳಿಯುತ್ತದೆ. ಸಹಜವಾದ ಸವೆತಕ್ಕೆ ಕ್ಷಮೆಯುಂಟು. ನೆಗ್ಗಿದ ಬಾಗಿಲಿಗೆ, ಹರಿದ ಆಸನಕ್ಕೆ, ತಪ್ಪಿಸಿದ ಸರ್ವಿಸಿಗೆ, ಮಿತಿ ಮೀರಿ ಓಡಿಸಿದ ಕಿಲೋಮೀಟರುಗಳಿಗೆ ಸಾಮಾನ್ಯವಾಗಿ ಬಿಲ್ಲು ಬರುತ್ತದೆ. ನಮ್ಮ ಸೀಮೆಗೆ ಈ ಪಾಠ ಹೊಸದೇನಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಸಂಡೂರಿನ ಗುಡ್ಡಗಳನ್ನು ಗುತ್ತಿಗೆ ಹಿಡಿದವರು ಮತ್ತೆ ಗಣಿ ತೆರೆಯಬೇಕಾದರೆ, ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆಗೆ ಒಳಪಡಬೇಕಾಯಿತು. 2013ರಲ್ಲಿ, ಅಕ್ರಮ ಹೆಚ್ಚಾಗಿ ಕಂಡ ಗುತ್ತಿಗೆಗಳೇ ರದ್ದಾದವು. ಗುಡ್ಡವಾಗಲಿ ಗಾಡಿಯಾಗಲಿ, ಉಂಡವನೇ ಎಲೆ ಎತ್ತಬೇಕು.

ಹಾಗಾದರೆ ಸ್ವಂತ ಕಾರೇ ಮೇಲೆ? ಅದಕ್ಕೂ ಅದರದೇ ಆದ ರೋಗವುಂಟು. ನಂಬಿದ ಮೆಕ್ಯಾನಿಕ್ಕನಲ್ಲಿಗೆ ಒಯ್ಯುವ ಸ್ವಾತಂತ್ರ್ಯವೇನೋ ಇದೆ. ಗುತ್ತಿಗೆಯ ಕಾರನ್ನು ಕಂಪೆನಿ ಹೇಳಿದ ಗ್ಯಾರೇಜಿಗೇ ಒಯ್ಯಬೇಕಾಗುವುದೇ ಹೆಚ್ಚು. ಆದರೆ ಸ್ವಂತ ಕಾರಿನ ಲೆಕ್ಕ ಕೇಳುವವರೇ ಇಲ್ಲ. "ಮುಂದಿನ ತಿಂಗಳು ನೋಡೋಣ" ಎನ್ನುತ್ತ ಆಯಿಲ್ ಬದಲಿಸುವುದನ್ನು ಮುಂದೂಡುತ್ತೇವೆ. ಕೊನೆಗೆ ನಡುದಾರಿಯಲ್ಲಿ ಕಾರೇ ಲೆಕ್ಕ ಕೇಳುತ್ತದೆ. ಆದಕಾರಣ ಸ್ವಂತ ಕಾರಿನವರು ತಮಗೆ ತಾವೇ ತಿಂಗಳ ಕಂತು ಕಟ್ಟಿಕೊಳ್ಳುವುದು ಲೇಸು. ಟೈರು, ಬ್ಯಾಟರಿಗಳ ಖರ್ಚು ಆ ಡಬ್ಬಿಯಿಂದಲೇ ಹೊರಡಲಿ.

ಇನ್ನು ಇಬ್ಬರಿಗೂ ಸಲ್ಲುವ ಮಾತು. ಅದಿರಿನ ಧೂಳಿನಲ್ಲಿ ತಿರುಗುವ ಕಾರಿನ ಏರ್ ಫಿಲ್ಟರನ್ನು ಪುಸ್ತಕದಲ್ಲಿ ಬರೆದ ಅವಧಿಗಿಂತ ಮೊದಲೇ ನೋಡಿಸಬೇಕು. ಹಂಪಿಯ ಬಂಡೆಗಳ ನಡುವೆ ಬಿಸಿಲಿನಲ್ಲಿ ನಿಲ್ಲುವ ಕಾರಿನ ಬ್ಯಾಟರಿ ಬೇಗ ಬಳಲುತ್ತದೆ. ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟಾಗ ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಸೇತುವೆ ಮುಳುಗುವುದುಂಟು. ಅಂಥ ನೀರಿಗೆ ಕಾರು ಇಳಿಸುವುದು ಜೀವಕ್ಕೇ ಅಪಾಯ. ಮಳೆನೀರಿನಲ್ಲಿ ಎಂಜಿನು ನಿಂತುಹೋದರೆ ಮತ್ತೆ ಕೀಲಿ ತಿರುಗಿಸಬಾರದು. ಒಳಹೊಕ್ಕ ನೀರಿನಿಂದ ಎಂಜಿನೇ ಮುರಿಯಬಹುದು. ಆ ನಷ್ಟಕ್ಕೆ ಸಾಮಾನ್ಯ ವಿಮೆ ಸಾಲದು, ಎಂಜಿನಿನ ರಕ್ಷಣೆಯನ್ನು ಬೇರೆಯಾಗಿ ಕೊಳ್ಳಬೇಕು. ಗುತ್ತಿಗೆಯ ಕರಾರಿನಲ್ಲಿ ಅದು ಸೇರಿದೆಯೇ ಎಂಬುದನ್ನು ಸಹಿ ಹಾಕುವ ಮೊದಲೇ ಕೇಳಿಕೊಳ್ಳಿ. ಕಾರು ಪಡೆದ ದಿನವೇ ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದಿಟ್ಟುಕೊಂಡರೆ ಹಿಂದಿರುಗಿಸುವ ದಿನ ವಾದಕ್ಕೆ ಎಡೆಯಿರದು.

ಮೂರು ವರ್ಷಕ್ಕೊಮ್ಮೆ ವರ್ಗವಾಗುವವರಿಗೆ ಗುತ್ತಿಗೆ ಅನುಕೂಲ. ಊರಿನಲ್ಲಿಯೇ ನೆಲೆನಿಂತು ಹತ್ತು ವರ್ಷ ಓಡಿಸುವವರಿಗೆ ಸ್ವಂತದ್ದೇ ಸರಿ. ಯಾವುದಾದರೂ ಸಂಡೂರಿನಿಂದ ಬಂದ ಸಂಜೆ ಒಣಬಟ್ಟೆ ಹಿಡಿದು ಹೊರಡಬೇಡಿ. ಆ ಧೂಳು ಬಣ್ಣವನ್ನು ಉಜ್ಜಿ ಗೀರುತ್ತದೆ. ಮೊದಲು ಎರಡು ಬಕೆಟ್ಟು ನೀರು ಸುರಿಯಿರಿ. ಕೆಂಪು ಇಳಿದು ಕಾರಿನ ಬಣ್ಣ ಕಂಡಾಗ, ಅದು ಯಾರದೆಂಬ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ.