ಪೀಣ್ಯದ ಬಳಿ ಮನೆ: ಮೊದಲು ನೀರಿನ ಮಾತು

ಬೆಂಗಳೂರಿನ ಪೀಣ್ಯಕ್ಕೆ ದುಡಿಯಲು ಹೋದ ನಮ್ಮ ಮಲೆನಾಡಿನ ಹುಡುಗರು ಅಲ್ಲಿಯೇ ಸುತ್ತಮುತ್ತ ನಿವೇಶನ ಹುಡುಕುತ್ತಿದ್ದಾರೆ. ಅದಕ್ಕಾಗಿ ತೋಟ ಮಾರಲು ಹೊರಟ ತಂದೆಯರೂ ಇದ್ದಾರೆ. ಕಾರ್ಖಾನೆ ಹತ್ತಿರ, 2015ರಿಂದ ನಾಗಸಂದ್ರದವರೆಗೆ ಮೆಟ್ರೊ, ಅನುಕೂಲ ಸಣ್ಣದಲ್ಲ.

ಆದರೆ ನೀರು? ಪೀಣ್ಯದಲ್ಲಿ ಲೋಹಲೇಪನದ ಸಣ್ಣ ಘಟಕಗಳು ಬಹಳ. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಅಧ್ಯಯನಗಳಲ್ಲಿ ದಾಖಲಾಗಿದೆ. ಲೇಪನದ ದ್ರಾವಣದಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಮಣ್ಣಿಗೆ ಅಷ್ಟಾಗಿ ಅಂಟದೆ ನೀರಿನೊಡನೆ ಸಾಗುತ್ತದೆ; ಅದು ಕ್ಯಾನ್ಸರ್‌ಕಾರಕ. ಅಲ್ಲಿ ನೆಲದಡಿ ಇರುವುದು ಬಿರುಕುಬಿಟ್ಟ ಗಟ್ಟಿಶಿಲೆ. ಆದುದರಿಂದ ಒಂದು ಕೊಳವೆಬಾವಿ ಚೆನ್ನಾಗಿದ್ದರೆ ಪಕ್ಕದ್ದೂ ಹಾಗೆಯೇ ಎನ್ನಲಾಗದು. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಅಷ್ಟು ಅಲ್ಪ ಪ್ರಮಾಣವನ್ನು ಕಣ್ಣಾಗಲಿ ನಾಲಿಗೆಯಾಗಲಿ ಹಿಡಿಯಲಾರದು. ಕಾಯಿಸಿ ಆರಿಸಿ ಕುಡಿಯುವ ನಮ್ಮ ಮನೆಗಳ ಉಪಾಯವೂ ಇಲ್ಲಿ ನಡೆಯದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ವಿಷ ಸಾಂದ್ರವಾಗುತ್ತದೆ.

ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಉಳಿದ ದಿನ ಟ್ಯಾಂಕರು ಯಾವ ಬಾವಿಯಿಂದ ತುಂಬಿ ಬರುತ್ತದೆ ಎಂಬುದನ್ನು ಮುಂಗಡ ಕೊಡುವ ಮುನ್ನ ವಿಚಾರಿಸಿರಿ. ಪ್ರಯೋಗಾಲಯದಲ್ಲಿ ಕ್ರೋಮಿಯಂ ಎಂದು ಹೆಸರಿಸಿಯೇ ಪರೀಕ್ಷೆ ಮಾಡಿಸಿರಿ. ಈ ಹೊರೆ ಕೊಳ್ಳುವವನ ತಲೆಗೆ ಬರುವುದೇ ಅನ್ಯಾಯ. ಬಡಾವಣೆವಾರು ಕೊಳವೆಬಾವಿಗಳ ಪರೀಕ್ಷಾ ಫಲಿತಾಂಶವನ್ನು ಮಾಲಿನ್ಯ ನಿಯಂತ್ರಣ ಮಂಡಳಿಯು ಕನ್ನಡದಲ್ಲಿ, ಆಯಾ ಬೀದಿಯಲ್ಲೇ ಫಲಕ ಹಾಕಿ ತಿಳಿಸಬೇಕು.